ಮಲ್ಲಾಜತ್ತೆಯ ಬಿಗಿಕಟ್ಟು

ನಮ್ಮೂರಿನಲ್ಲಿ ಕಾಲಿನ ಕೂದಲು ತೆಗೆಸಿಕೊಂಡವರು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಾರೆ. ಕೂದಲು ಮತ್ತೆ ಚಿಗುರಿದ ಹಾಗೆ ಮೆಲ್ಲಗೆ ಕೆಳಗಿಳಿಯುತ್ತಾರೆ. ಅದಕ್ಕೇ ನಮ್ಮಲ್ಲಿ ಬಾಗಿಲುಗಳು ಎತ್ತರ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸಲು ಯಾರೂ ಮಣೆ ಹುಡುಕುವುದಿಲ್ಲ. ಚಪ್ಪಲಿ ಅಂಗಡಿಯವನು ಮಾತ್ರ ವರ್ಷವಿಡೀ ಗೊಣಗುತ್ತಿರುತ್ತಾನೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ಸಲ ಗೋಡೆ ಹಿಡಿದುಕೊಂಡು ಅಳುತ್ತಾರೆ. ಆಮೇಲೆ ಅಂಗಳ ಗುಡಿಸುವಾಗ ಪಾದಕ್ಕೆ ಧೂಳೇ ಹತ್ತುವುದಿಲ್ಲ ಎಂದು ತವರಿಗೆ ಹೇಳಿ ಕಳಿಸುತ್ತಾರೆ.

ಆ ಕೂದಲು ತೆಗೆಯುವ ಕೆಲಸ ನನ್ನದು. ನನ್ನ ಹೆಸರು ಕೆಂಚಮ್ಮ. ಪೇಟೆ ಬೀದಿಯ ಕೊನೆಯ ಮನೆ ನಮ್ಮದು, ಅದರ ಮುಂದಿನ ಕೋಣೆಯೇ ನನ್ನ ಪಾರ್ಲರ್. ಬೆಲ್ಲಕ್ಕೆ ನಿಂಬೆರಸ ಹಿಂಡಿ ಪಾಕ ಕಾಯಿಸಿ, ಮೊಣಕೈಗೆ ಮುಟ್ಟಿಸಿ ಬಿಸಿ ನೋಡಿ, ಕೂದಲು ಬೆಳೆದ ಕಡೆಗೇ ತೆಳ್ಳಗೆ ಸವರುತ್ತೇನೆ. ಮೇಲೆ ಬಟ್ಟೆಪಟ್ಟಿ ಒತ್ತಿ, ಎದುರು ದಿಕ್ಕಿಗೆ, ಚರ್ಮದ ಗುಂಟವೇ ಒಂದು ಸೆಳೆತ. ಮೇಲಕ್ಕೆ ಎತ್ತಿ ಎಳೆಯಬಾರದು, ಕೂದಲು ನಡುವೆ ತುಂಡಾಗುತ್ತದೆ. ಜಂಬ ಅಂದುಕೊಂಡರೂ ಸರಿ, ನನ್ನ ಕೈಯಲ್ಲಿ ಅಯ್ಯೋ ಅಂದವರು ಕಡಿಮೆ. ಇದನ್ನೆಲ್ಲ ಕಲಿಸಿದವಳು ನನ್ನ ಸೋದರತ್ತೆ ಮಲ್ಲಾಜಮ್ಮ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಮದುವೆಯಾದವಳಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಪಾಕ ಎಳೆಯುವುದು ನನ್ನ ಪಾಲು, ಆಮೇಲಿನದು ಅತ್ತೆಯ ಪಾಲು. ಆಮೇಲಿನದು ಅಂದರೆ ಬಿಗಿಕಟ್ಟು. ಹರಳೆಣ್ಣೆಯಲ್ಲಿ ಅದ್ದಿದ ಉದ್ದನೆಯ ಬಟ್ಟೆಯ ಮಡಿಕೆಗಳಲ್ಲಿ ಮರಳು ತುಂಬಿ, ಪಾದದ ಗಂಟಿನಿಂದ ತೊಡೆಯವರೆಗೆ ಅವಳು ಸುತ್ತಿ, ವಾರ ಕಳೆದ ಮೇಲೆ ಬಿಚ್ಚುತ್ತಿದ್ದಳು. ಹೊಸದಾಗಿ ಹಗುರಾದವರು ಗಾಳಿ ಬೀಸಿದ ಕಡೆ ತೇಲಿ ಯಾರದೋ ಹಿತ್ತಲು ಸೇರಿಬಿಡುತ್ತಾರೆ, ಕಟ್ಟಿಲ್ಲದ ಕಾಲೂ ಹಗ್ಗ ಬಿಚ್ಚಿದ ಕರುವೂ ಒಂದೇ ಎಂದು ಅವಳ ಮಾತು. ಅವಳು ಸುತ್ತಿದ ಕಟ್ಟಿನ ಸಂದಿಯಲ್ಲಿ ಒಂದು ಕಡ್ಡಿಯೂ ತೂರುತ್ತಿರಲಿಲ್ಲ. ಊರಿನ ಹೆಂಗಸರು ಅದನ್ನು ತಾಯಿಯ ಅಪ್ಪುಗೆ ಅನ್ನುತ್ತಿದ್ದರು, ಅತ್ತೆಗೆ ಅದು ಕೇಳಿದಷ್ಟೂ ಸಾಲದು.

ಇಷ್ಟೆಲ್ಲ ಹಗುರಾಗುವುದು ಉಪ್ಪಿನಕಾಯಿ ಜಾಡಿಗಾಗಿ ಅಲ್ಲ. ಊರಿನ ಮಗ್ಗುಲಿಗೆ ಹುದುಲು ಇದೆ. ಹೆಜ್ಜೆ ಇಟ್ಟವರನ್ನು ಮೊಣಕಾಲಿನವರೆಗೆ ನುಂಗುವ ಅಗಲವಾದ ಕೆಸರು. ಅದರಾಚೆಗೆ ಆಚೆದಂಡೆ. ಬಸ್ಸಿನಲ್ಲಿ ಬಳಸಿಕೊಂಡು ಹೋದರೆ ಅರ್ಧ ದಿನ ಬೇಕು. ಸೊಪ್ಪು ಸದೆ, ನೆಂಟರು ಇಷ್ಟರು ಎಲ್ಲ ಬಸ್ಸಿನಲ್ಲೇ ಬರುತ್ತಾರೆ, ಹೋಗುತ್ತಾರೆ. ಆದರೆ ಆಚೆದಂಡೆಯ ಗಂಡನ್ನು ಬಯಸಿದವಳು ಬಸ್ಸು ಹತ್ತುವಂತಿಲ್ಲ. ವರ್ಷಕ್ಕೊಮ್ಮೆ ಗಾಳಿ ಮಲಗುವ ವಾರ ಬರುತ್ತದೆ. ಆಗ ಬೆಳಗಿನ ಹೊತ್ತು ಅವಳು ಹುದುಲಿನ ಮೇಲೆ ನಡೆದು ದಾಟಿ, ಹೊಸಿಲು ತುಳಿಯದೆ ಅವನ ಮನೆ ಒಳಗೆ ಹೋಗಿ ಕೇಳಬೇಕು. ಅವನು ಬೆಲ್ಲ ನೀರು ಹಿಡಿದು ದಡದಲ್ಲಿ ಕಾಯುತ್ತಾನೆ. ನಡುವೆ ಮುಳುಗಿದಳೋ, ಈಚೆಯವರು ಹಗ್ಗ ಹಾಕಿ ಎಳೆದುಕೊಳ್ಳುತ್ತಾರೆ, ಅವನು ನೀರು ಚೆಲ್ಲಿ ಮನೆಗೆ ಹೋಗುತ್ತಾನೆ. ಮುಳುಗಿದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಮನಸ್ಸು ಭಾರವಾದರೆ ಕಾಲು ಭಾರ. ಬಾಯಲ್ಲಿ ಬೇಕು ಅಂದವಳಿಗೆ ಒಳಗೆ ಬೇಡವಾಗಿತ್ತು, ಹುದುಲು ಅದನ್ನು ಹೇಳಿತು, ಅಷ್ಟೇ. ಅಂಥವಳ ಕಾಲು ನೋಡಿದರೆ ಕೆಂಪು ಕೆಂಪು ಗುಳ್ಳೆ ಎದ್ದಿರುತ್ತವೆ. ಅವಕ್ಕೆ ನಮ್ಮಲ್ಲಿ ಮನಸ್ಸಿನ ಗಂಟು ಎಂದು ಹೆಸರು.

ನಾನು ಎರಡು ವರ್ಷ ಎರಡು ಸಲ ಮುಳುಗಿದವಳು.

ಆಚೆದಂಡೆಯ ನಿಂಬೆತೋಟದ ಪಾತಲಿಂಗ ಪ್ರತಿ ಸೋಮವಾರ ಬಸ್ಸಿನಲ್ಲಿ ನಿಂಬೆಹಣ್ಣಿನ ಚೀಲ ತಂದು ನಮ್ಮ ಪಾರ್ಲರಿಗೆ ಹಾಕುತ್ತಿದ್ದ. ಮಾತು ನಿಧಾನ. ಒಂದು ವಾಕ್ಯ ಮುಗಿಸುವುದರೊಳಗೆ ನಾನು ಒಂದು ಕಾಲು ಮುಗಿಸುತ್ತಿದ್ದೆ. ಒಂದೊಂದು ಹಣ್ಣನ್ನೂ ಮೂಸಿ ನೋಡಿ, ಇದು ನಿನ್ನ ಪಾಕಕ್ಕೆ, ಇದು ನಿಮ್ಮ ಸಾರಿಗೆ ಎಂದು ಬೇರೆ ಮಾಡಿ ಇಡುತ್ತಿದ್ದ. ಯಾವಾಗ ಸೋಮವಾರ ಬರುತ್ತದೋ ಎಂದು ನಾನು ಭಾನುವಾರವೇ ತಲೆಗೆ ಸ್ನಾನ ಮಾಡಲು ಶುರು ಮಾಡಿದಾಗ ಗೊತ್ತಾಯಿತು. ಇಷ್ಟಪಟ್ಟಿದ್ದೆ. ಮುಚ್ಚುಮರೆ ಏನಿದೆ, ತುಂಬಾ ಇಷ್ಟಪಟ್ಟಿದ್ದೆ. ಹಾಗಿದ್ದೂ ಮೊದಲ ವರ್ಷ ನಟ್ಟನಡುವೆ ಎಡಗಾಲು ಇಳಿಯಿತು, ಹಿಂದೆಯೇ ಬಲಗಾಲು. ಎರಡನೇ ವರ್ಷ ಅದೇ ಜಾಗದಲ್ಲಿ ಎರಡೂ ಒಟ್ಟಿಗೆ. ಆ ಸಲ ಪಾತಲಿಂಗ ನೀರು ಚೆಲ್ಲಲಿಲ್ಲ, ಬಿಸಿಲು ಏರುವವರೆಗೆ ತಂಬಿಗೆ ಹಿಡಿದು ನಿಂತೇ ಇದ್ದ ಎಂದು ಯಾರೋ ಹೇಳಿದರು. ನನಗೆ ನನ್ನ ಮೇಲೆಯೇ ಅನುಮಾನ ಬಂತು. ಒಳಗೆಲ್ಲೋ ಬೇಡ ಅನ್ನುವುದು ಕುಳಿತಿದೆಯೇನೋ ಎಂದು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ಹುಡುಕಿಕೊಂಡೆ. ಎಲ್ಲಿ ಹುಡುಕಿದರೂ ಬೇಕು ಎಂದೇ ಇತ್ತು.

ಮಲ್ಲಾಜತ್ತೆಯೂ ಹುಡುಗಿಯಾಗಿದ್ದಾಗ ಒಮ್ಮೆ ಹುದುಲಿಗೆ ಇಳಿದು ಅರ್ಧದಲ್ಲಿ ಮುಳುಗಿ ಬಂದವಳು. ಅದನ್ನು ಅವಳು ನಗುನಗುತ್ತಾ ಹೇಳುತ್ತಿದ್ದಳು: ಅವನ ಮೀಸೆ ದೂರದಿಂದಲೇ ಕಂಡು ಬೇಡ ಅನ್ನಿಸಿತು, ಕಾಲಿಗೆ ನನಗಿಂತ ಮೊದಲೇ ಬುದ್ಧಿ ಬಂತು. ನನಗೂ ಅದನ್ನೇ ಹೇಳಿದಳು. ಕಾಲಿನ ಮಾತು ಕೇಳು, ಆ ನಿಂಬೆಹಣ್ಣಿನವನನ್ನು ಬಿಡು.

ನಾನು ಎರಡನೇ ಸಲ ಮುಳುಗಿದ ಮರು ಸೋಮವಾರ ಬಂದ ಪಾತಲಿಂಗ ಚೀಲ ಇಳಿಸಲೇ ಇಲ್ಲ. ಹೆಗಲ ಮೇಲೆ ಇಟ್ಟುಕೊಂಡೇ ನಿಂತ.

"ನಿಂಗೆ ಬ್ಯಾಡ ಅಂದ್ರೆ ಹೇಳ್ಬಿಡು ಕೆಂಚಿ. ವರ್ಷ ವರ್ಷ ಕೆಸರಲ್ಲಿ ಯಾಕೆ ಬೀಳ್ತೀಯ? ಇನ್ನೊಂದು ಸಲ ಕಾಯ್ತೀನಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನಿಂಬೆಹಣ್ಣು ತರಾದು ಬಿಡ್ತೀನಿ. ನಿನ್ನ ನೋಡ್ಕೊಂಡು ಸುಮ್ಕೆ ಇರಾಕೆ ನಂಗೆ ಆಗಾಕಿಲ್ಲ."

ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು. ನನಗೆ ಬೇಕು ಎಂದು ನಾನು ಎಷ್ಟು ಹೇಳಿದರೂ ಏನು ಬಂತು, ಇಡೀ ಊರಿನ ಎದುರು ನನ್ನ ಕಾಲೇ ಬೇಡ ಎಂದು ಹೇಳಿಯಾಗಿತ್ತಲ್ಲ.

ಹೀಗೆ ಕುದಿಯುತ್ತಿದ್ದವಳಿಗೆ ದಾರಿ ತೋರಿಸಿದ್ದು ದುಗ್ಗಮ್ಮನ ಮೇಕೆ. ದುಗ್ಗಮ್ಮ ನಮ್ಮ ಬೀದಿಯವಳು. ಕಾಲಿನ ಕೂದಲು ನನ್ನ ಹಾಗೆಯೇ ದಪ್ಪ, ಗುಂಗುರು. ಪಾಕ ಎಳೆಸಿಕೊಂಡ ಮೇಲೆ ಅವಳಿಗೂ ಪ್ರತಿ ಸಲ ಗುಳ್ಳೆಯೇ. ಎಷ್ಟೋ ಸಲ ನಾನು ಸೂಜಿ ಹಿಡಿದು ಒಳಗೆ ಸುರುಳಿ ಸುತ್ತಿದ ಕೂದಲು ಕೆದಕಲು ಹೋಗಿ, ಗುಳ್ಳೆ ಕೀವಾಗಿ, ಬೈಸಿಕೊಂಡಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ ನಾನು ಎರಡನೇ ಕಾಲು ಮುಗಿಸುತ್ತಿದ್ದಂತೆ ಅವಳ ಮೇಕೆ ಯಾರದೋ ಅವರೆ ಸಾಲಿಗೆ ನುಗ್ಗಿತೆಂದು ಕೂಗು ಕೇಳಿತು. ಅತ್ತೆ ಕಟ್ಟಿನ ಬಟ್ಟೆ ಬಿಚ್ಚುವುದರೊಳಗೆ ದುಗ್ಗಮ್ಮ ಬಾಗಿಲು ದಾಟಿ, ಬೇಲಿ ಹಿಡಿದು ಹಿಡಿದು ತೇಲಿಕೊಂಡು ಹೊರಟೇಬಿಟ್ಟಳು. ಆಮೇಲೂ ಬರಲಿಲ್ಲ. ಮೇಕೆ ಹಿಡಿಯುವ ಗಲಾಟೆಯಲ್ಲಿ ಕಾಲುವೆಗೆ ಬಿದ್ದು ಕಾಲು ತಣ್ಣಗಾಯಿತಂತೆ. ಹಳೆಯ ಲಂಗ ಸುತ್ತಿಕೊಂಡು, ತೇಲದಿರಲೆಂದು ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡೇ ಓಡಾಡಿದಳಂತೆ.

ಮುಂದಿನ ಸಲ ಬಂದು ಕಾಲು ಚಾಚಿದಾಗ ನನ್ನ ಕೈಯಲ್ಲಿದ್ದ ಪಾಕದ ಸೌಟು ಹಾಗೆಯೇ ನಿಂತಿತು. ಒಂದು ಗುಳ್ಳೆ ಇಲ್ಲ. ಒಂದು ಕಲೆ ಇಲ್ಲ. ಒಳಗೆ ಸಿಕ್ಕಿಕೊಂಡ ಒಂದೇ ಒಂದು ಕೂದಲು ಇಲ್ಲ. ಎಲ್ಲ ನೆಟ್ಟಗೆ, ಹೊಸ ಪೈರು ಬಂದ ಹಾಗೆ ಹೊರಗೆ ಬಂದಿದ್ದವು. ಎದ್ದು ಕೋಣೆಯನ್ನು ಹೇಗೆ ಸುತ್ತಿದೆನೆಂದರೆ, ದುಗ್ಗಮ್ಮನೇ ಗಾಬರಿಯಾಗಿ ಕೂತುಕೊಳ್ಳಮ್ಮಿ ಎಂದಳು. ಮನಸ್ಸಿನ ಗಂಟು ಎಂದು ನಾವು ಕರೆಯುತ್ತಿದ್ದದ್ದು ಬಿಗಿಕಟ್ಟಿನ ಗಂಟೇ ಇರಬಹುದೇ? ಎಣ್ಣೆ ಮೆತ್ತಿ, ಬಿಗಿದು ಕಟ್ಟಿ, ಬೆವರಿಸಿದ ಕಾಲಿನಲ್ಲಿ ಚಿಗುರಿದ ಕೂದಲಿಗೆ ಹೊರಗೆ ದಾರಿ ಎಲ್ಲಿದೆ? ಒಳಗೇ ಮಡಚಿಕೊಳ್ಳುತ್ತದೆ. ಮೇಲಿನ ಕೂದಲಿಗಿಂತ ಒಳಗಿನ ಕೂದಲು ಹೆಚ್ಚು ಭಾರ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಗುಟ್ಟಾಗಿ ಪರೀಕ್ಷೆ ಮಾಡಿದೆ. ನನ್ನ ಎರಡು ಕಾಲಿಗೂ ಪಾಕ ಎಳೆದುಕೊಂಡು, ಎರಡಕ್ಕೂ ಅತ್ತೆಯಿಂದ ಕಟ್ಟಿಸಿಕೊಂಡು, ಅವಳು ಆಚೆ ಹೋದ ಕೂಡಲೇ ಬಲಗಾಲಿನದು ಬಿಚ್ಚಿ, ಎಣ್ಣೆ ತೊಳೆದು ತಣ್ಣೀರಿನ ಬಟ್ಟೆ ಹಾಕಿಕೊಂಡೆ. ಮೇಲೆ ಉದ್ದ ಲಂಗ. ವಾರ ಕಳೆದು ಎಡಗಾಲಿನ ಕಟ್ಟು ಬಿಚ್ಚಿ ಎದ್ದು ನಿಂತರೆ ಎಡಪಾದ ನೆಲದ ಮೇಲೆ, ಬಲಪಾದ ಗೇಣು ಮೇಲೆ. ನಡೆದರೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಡೆದ ಹಾಗೆ ಡುಬುಕ್ ಡುಬುಕ್. ನನಗೆ ಕುಣಿಯಬೇಕೆನ್ನಿಸಿತು, ಆ ಕಾಲಿನಲ್ಲಿ ಕುಣಿದರೆ ಗೋಡೆಗೇ ಹೋಗಿ ಬಡಿಯುತ್ತಿದ್ದೆ. ಬೀದಿಗೆ ಹೋದೆ. ಬೀದಿಯೆಲ್ಲ ನಕ್ಕಿತು. ನಾನು ಅವರಿಗಿಂತ ಜೋರಾಗಿ ನಕ್ಕೆ.

ಅತ್ತೆ ನೋಡಿದಳು. ಇದೇನು ಹೊಸದಲ್ಲ, ನಿನ್ನದು ಅರ್ಧ ಮನಸ್ಸು ಎಂದಳು. ಬಲಗಾಲಿಗೆ ಬೇಕು, ಎಡಗಾಲಿಗೆ ಬೇಡ.

ನಾನು ಅವಳನ್ನು ಕೂರಿಸಿ ಎರಡು ಕಾಲನ್ನೂ ತೋರಿಸಿದೆ. ಒಂದರಲ್ಲಿ ಬಟ್ಟೆಯ ಬರೆ, ಬರೆಯ ತುಂಬ ಗುಳ್ಳೆ. ಇನ್ನೊಂದು ತೊಳೆದಿಟ್ಟ ಬದನೆಕಾಯಿಯಂತೆ ನುಣುಪು. ದುಗ್ಗಮ್ಮನ ವಿಷಯ ಹೇಳಿದೆ. ಕಟ್ಟು ಬೇಡ, ಎಣ್ಣೆ ಬೇಡ, ಬಿಸಿನೀರು ಒಲೆಯ ಶಾಖ ಬೇಡ, ಸಡಿಲ ಬಟ್ಟೆ ಸಾಕು, ಎರಡು ಮೂರು ದಿನ ಕಳೆದ ಮೇಲೆ ನೆನೆಸಿದ ಹೀರೇಕಾಯಿ ನಾರಿನಿಂದ ಮೆಲ್ಲಗೆ ಉಜ್ಜಿದರೆ ಕೂದಲಿಗೆ ದಾರಿ ಬಿಡಿಸುತ್ತದೆ ಎಂದೆ. ಒಂದೇ ಉಸಿರಿಗೆ ಹೇಳಿದೆ. ಅತ್ತೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಎಡಗಾಲಿನ ಬರೆಯ ಮೇಲೆ ಬೆರಳು ಇಟ್ಟಳು.

"ಹಂಗಾದ್ರೆ ನಾನು ಇಷ್ಟು ವರ್ಷ ಕಟ್ಟಿದ್ದು ಏನೇ?" ಅಂದಳು.

ನನ್ನ ಸಂಭ್ರಮದಲ್ಲಿ ನಾನು ಅಷ್ಟು ದೂರ ಯೋಚಿಸಿಯೇ ಇರಲಿಲ್ಲ. ಅವಳು ಕಟ್ಟಿದ ಎಷ್ಟೋ ಹುಡುಗಿಯರು ನಡುವೆ ಮುಳುಗಿ, ತಮಗೆ ಮನಸ್ಸಿರಲಿಲ್ಲ ಎಂದು ತಾವೇ ನಂಬಿಕೊಂಡು, ಯಾರು ಯಾರನ್ನೋ ಕಟ್ಟಿಕೊಂಡು ಇದೇ ಬೀದಿಗಳಲ್ಲಿ ಓಡಾಡಿಕೊಂಡಿದ್ದರು. ಅತ್ತೆ ಎದ್ದು ಹೋದಳು. ಅಂದಿನಿಂದ ಪಾರ್ಲರಿನ ಕೋಣೆಗೆ ಕಾಲಿಡಲಿಲ್ಲ, ನನ್ನ ಜೊತೆ ಉಪ್ಪು ಹುಳಿಗಿಂತ ಹೆಚ್ಚಿನ ಮಾತಾಡಲಿಲ್ಲ.

ಗಾಳಿ ಮಲಗುವ ವಾರ ಹತ್ತಿರ ಬಂತು. ಪಾಕ ಎಳೆದ ಉರಿ ಆರದೆ ಹುದುಲಿಗೆ ಇಳಿದರೆ ಕೆಸರಿನ ಹಬೆಗೆ ಕಾಲು ಹುಣ್ಣಾಗುತ್ತದೆ, ಅದಕ್ಕೇ ವಾರ ಮೊದಲೇ ಎಳೆದುಕೊಳ್ಳಬೇಕು. ನಾನು ಒಬ್ಬಳೇ ಕುಳಿತು ಎಳೆದುಕೊಂಡೆ. ಮುಗಿಯುವ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಕಟ್ಟಿನ ಬುಟ್ಟಿ. ನಾನು ತಣ್ಣೀರಿನಲ್ಲಿ ಬಟ್ಟೆ ಅದ್ದಿ ಕಾಲಿನ ಮೇಲೆ ಹರಡಿದೆ. ಅವಳು ಬುಟ್ಟಿ ತೆಗೆದುಕೊಂಡು ವಾಪಸು ಹೋದಳು. ನಮ್ಮ ಇಷ್ಟು ವರ್ಷಗಳ ಜೊತೆಯಲ್ಲಿ ಅವಳ ಕೈ ತಳ್ಳಿದ್ದು ಅದೇ ಮೊದಲ ಸಲ.

ಆದರೂ ಆ ವಾರದ ಸಡಗರ ನಾನು ಮರೆಯುವಂಥದ್ದಲ್ಲ. ಅಂಗಡಿಯಲ್ಲಿ ಅಗಲವಾದ ನೂಲಿನ ಲಂಗ ತಂದೆ, ಒಳಗೆ ಗಾಳಿಯಾಡಿ ಕಾಲಿಗೆ ಹಬ್ಬವೋ ಹಬ್ಬ. ಸ್ನಾನ ತಣ್ಣೀರಿನದೇ. ಹಿತ್ತಲಿನ ಲೋಳೆಸರದ ಎಲೆ ಸೀಳಿ ಅದರ ತಿಳಿ ತೆಗೆದು ಸವರಿಕೊಂಡೆ. ಕಾಲು ತುರಿಸಿತು, ಎಷ್ಟು ತುರಿಸಿತೆಂದರೆ ನನ್ನ ಕೈ ನಾನೇ ಹಿಡಿದುಕೊಂಡು ಕುಳಿತೆ. ನಾರಿನಿಂದ ಉಜ್ಜುವ ದಿನ ಬಂದಾಗಲೂ ಪಾತ್ರೆ ತಿಕ್ಕಿದಂತೆ ತಿಕ್ಕದೆ ಎಳೆಮಗುವಿನ ಬೆನ್ನು ತೊಳೆದಂತೆ ಉಜ್ಜಿದೆ. ತೇಲದಿರಲೆಂದು ಸೊಂಟದ ಮೇಲೆ ನೀರು ತುಂಬಿದ ಹಿತ್ತಾಳೆ ಕೊಡ. ಒಂದು ಸಂಜೆ ಕೊಡ ಇಳಿಸಿ ಕೊಂಚ ಸುಧಾರಿಸಿಕೊಳ್ಳೋಣವೆಂದು ನಿಂತಿದ್ದೇ ತಡ, ಗಾಳಿ ಬಂದು ನನ್ನನ್ನು ಪಕ್ಕದ ಮನೆಯವರ ಹಪ್ಪಳದ ಚಾಪೆಯ ಮೇಲೆ ತೇಲಿಸಿಬಿಟ್ಟಿತು. ಹಪ್ಪಳಕ್ಕೇನೂ ಆಗಲಿಲ್ಲ, ಪಾದ ತಾಗಿದರಲ್ಲವೇ. ಅವರು ಮಾತ್ರ ಮಲ್ಲಾಜಮ್ಮನ ಕಟ್ಟು ಬಿಟ್ಟವರ ಗತಿ ಇದು ಎಂದು ಬೀದಿಗೆಲ್ಲ ಸಾರಿದರು.

ದಿನಕ್ಕೆಷ್ಟು ಸಲ ಲಂಗ ಎತ್ತಿ ಕಾಲು ನೋಡಿಕೊಂಡೆನೋ ಲೆಕ್ಕವಿಲ್ಲ. ಗುಳ್ಳೆ ಇಲ್ಲ, ಬರೆ ಇಲ್ಲ, ಎರಡು ಪಾದವೂ ಒಂದೇ ಎತ್ತರದಲ್ಲಿ. ಹಾಗಿದ್ದೂ ಭಯ ಇತ್ತು. ನನ್ನ ಲೆಕ್ಕಾಚಾರವೇ ತಪ್ಪಾಗಿ, ಊರಿನವರ ಮಾತೇ ನಿಜವಾಗಿದ್ದರೆ? ಆಗ ಪಾತಲಿಂಗನೂ ಇಲ್ಲ, ನಿಂಬೆಹಣ್ಣೂ ಇಲ್ಲ, ನನಗೆ ನನ್ನ ಮನಸ್ಸಿನ ಮೇಲೆ ನಂಬಿಕೆಯೂ ಉಳಿಯುವುದಿಲ್ಲ.

ದಾಟುವ ದಿನ ಬೆಳಗಿನ ಮಂಜು ಇನ್ನೂ ಹುದುಲಿನ ಮೇಲೆಯೇ ಇತ್ತು. ಹಗ್ಗ ಹಿಡಿದವರು ದಡದಲ್ಲಿ ನಿಂತಿದ್ದರು, ನಾನು ಮುಳುಗುವುದು ಖಾತ್ರಿ ಎಂದು ಹಗ್ಗದ ಕುಣಿಕೆ ಮೊದಲೇ ಮಾಡಿಟ್ಟಿದ್ದರು. ಅತ್ತೆ ಒಬ್ಬಳೇ ದೂರದಲ್ಲಿ ಕಲ್ಲಿನ ಮೇಲೆ ಕುಳಿತಿದ್ದಳು. ನನ್ನ ಕಡೆ ನೋಡಲಿಲ್ಲ. ನಾನು ಕೊಡ ಕೆಳಗಿಟ್ಟು ಕೆಸರಿನ ಮೇಲೆ ಹೆಜ್ಜೆ ಹಾಕಿದೆ.

ಹಗುರ ಅಂದರೆ ಏನೆಂದು ನನಗೆ ಅಂದೇ ಗೊತ್ತಾದದ್ದು. ಹಿಂದಿನ ಎರಡು ಸಲ ಹೊರಟಾಗಲೂ ಕಾಲಲ್ಲಿ ಜಗ್ಗುವಂಥದ್ದು ಏನೋ ಇತ್ತು, ಅದನ್ನೇ ನಾನು ಸಹಜ ಅಂದುಕೊಂಡಿದ್ದೆ. ಈ ಸಲ ಏನೂ ಇಲ್ಲ. ಕೆಳಗೆ ಕಪ್ಪೆಗಳು ಕಣ್ಣು ಮೇಲೆ ಮಾಡಿ ನೋಡುತ್ತಿದ್ದವು, ಆಪು ಹುಲ್ಲಿನ ತುದಿ ಅಂಗಾಲಿಗೆ ಕಚಗುಳಿ ಇಡುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ, ಬಾಯಿ ಮುಚ್ಚಿಕೊಂಡು ನಡೆದೆ. ನಾನು ಮುಳುಗುತ್ತಿದ್ದ ಜಾಗ ಬಂತು. ದಾಟಿತು. ಬೇಕು, ಬೇಕು, ನನಗೆ ಬೇಕು ಎಂದು ಕೂಗಬೇಕೆನ್ನಿಸುತ್ತಿತ್ತು, ಅಷ್ಟರಲ್ಲಿ ಮಂಜಿನೊಳಗೆ ಯಾರೋ ಕೆಮ್ಮಿದರು.

ನೋಡಿದರೆ ಪಾತಲಿಂಗ. ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಕೊಂಡು, ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದ. ಕಾಲಿನ ಕೂದಲನ್ನೆಲ್ಲ ತೆಗೆದುಕೊಂಡಿದ್ದ. ನಮ್ಮೂರಿನ ಚರಿತ್ರೆಯಲ್ಲಿ ಗಂಡಸೊಬ್ಬ ಕಾಲಿಗೆ ಪಾಕ ಹಾಕಿಕೊಂಡದ್ದನ್ನು ನಾನು ಕೇಳಿರಲಿಲ್ಲ.

"ಇಲ್ಲೇನು ಮಾಡ್ತಿದೀಯ?" ಎಂದೆ.

"ಎರಡು ವರ್ಷ ನೀನು ಇಲ್ಲೇ ಬಿದ್ದೆ," ಎಂದ ಅವನು, ಎಂದಿನ ನಿಧಾನದಲ್ಲೇ. "ಈ ಸಲಾನೂ ಬಿದ್ರೆ ಒಬ್ಳೇ ಇರ್ಬಾರ್ದು ಅಂತ ನಾನೇ ಬಂದೆ. ನಾನೂ ಬಿದ್ದೆ."

ಆಮೇಲೆ ತಲೆ ತಗ್ಗಿಸಿ, ತನಗೆ ಮನಸ್ಸಿದೆ, ಭಾರ ಎಲ್ಲಿಂದ ಬಂತೋ ಗೊತ್ತಿಲ್ಲ, ನನ್ನಾಣೆಗೂ ಗೊತ್ತಿಲ್ಲ ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ನಾನು ಬಗ್ಗಿ ನೋಡಿದೆ. ಕೆಸರಿನಿಂದ ಮೇಲಿದ್ದ ತೊಡೆಯ ಮೇಲೆ ಬಟ್ಟೆ ಬಿಗಿದ ಬರೆ, ಬರೆಯ ಗುಂಟ ಸಾಲುಸಾಲು ಕೆಂಪು ಗುಳ್ಳೆ.

"ಯಾರು ಕಟ್ಟಿದ್ದು?"

"ನಾನೇ. ನಿಮ್ಮತ್ತೆ ಕಟ್ಟಾದ ನೋಡಿದ್ನಲ್ಲ. ಅವರಿಗಿಂತ ಬಿಗಿಯಾಗೇ ಕಟ್ಟಿದ್ದೆ."

ನನಗೆ ನಗುವೋ ಅಳುವೋ ಎರಡೂ ಒಟ್ಟಿಗೆ ಬಂದವು. ಅದರ ರಭಸಕ್ಕೆ ಮಾರು ದೂರ ತೇಲಿಹೋಗಿ, ಜೊಂಡು ಹಿಡಿದುಕೊಂಡು ವಾಪಸು ಬಂದೆ. ನಿನ್ನ ಮನಸ್ಸು ನನಗೆ ಗೊತ್ತು ಮಾರಾಯ, ನಿನ್ನ ಚರ್ಮ ಗೊತ್ತಿರಲಿಲ್ಲ ಎಂದೆ. ಅವನು ನನಗೆ ಮುಂದೆ ಹೋಗು ಎಂದ. ಅಮ್ಮ ದಡದಲ್ಲಿ ನೀರು ಹಿಡಿದು ನಿಂತಿದ್ದಾಳೆ, ನೀನು ದಾಟಿದರೆ ಸಾಕು, ನನ್ನನ್ನು ಆಮೇಲೆ ಯಾರಾದರೂ ಎಳೆಯುತ್ತಾರೆ ಎಂದೂ ಸೇರಿಸಿದ. ಆದರೆ ಅವನನ್ನು ಹಾಗೆ ಬಿಟ್ಟು ದಾಟಿದರೆ ಏನಾಗುತ್ತದೆ? ಮಂಜು ಕರಗಿದ ಮೇಲೆ ಎರಡು ದಂಡೆಯವರೂ ನೋಡುತ್ತಾರೆ, ಗಂಡಿನ ಮನಸ್ಸೇ ಭಾರ ಎನ್ನುತ್ತಾರೆ. ಮೂರು ದಿನದಲ್ಲಿ ಅವನೂ ಅದನ್ನು ನಂಬುತ್ತಾನೆ. ನನಗೆ ಆ ನಂಬಿಕೆಯ ರುಚಿ ಗೊತ್ತಿತ್ತು. ನಾನು ನಮ್ಮ ದಡಕ್ಕೆ ತಿರುಗಿ ಹಗ್ಗ ಎಸೆಯಿರಿ ಎಂದು ಕೂಗಿದೆ.

ಹಗ್ಗ ಬಂತು. ಅವರು ನನಗೆಂದು ಮಾಡಿಟ್ಟ ಕುಣಿಕೆಯನ್ನು ನಾನು ಅವನ ಸೊಂಟಕ್ಕೆ ಹಾಕಿದೆ. ಅವರು ಎಳೆದರು, ನಾನು ಅವನ ಕೈ ಹಿಡಿದುಕೊಂಡು ಮೇಲೆ ಮೇಲೆ ಬಂದೆ. ದಡ ಮುಟ್ಟುವ ಹೊತ್ತಿಗೆ ಮಂಜು ತೆಳ್ಳಗಾಗಿತ್ತು. ನಾನು ಅಂದುಕೊಂಡ ಹಾಗೆಯೇ ಹಗ್ಗದವರಲ್ಲಿ ಒಬ್ಬರು ಅಂದರು, ಹೆಣ್ಣು ಹಗುರವಾಗಿದೆ, ಈ ಸಲ ಗಂಡಿಗೇ ಮನಸ್ಸಿಲ್ಲ. ಉಳಿದವರು ಹೌದೆಂದು ತಲೆ ಆಡಿಸಿದರು. ಪಾತಲಿಂಗ ಕೆಸರು ಮೆತ್ತಿದ ಕಾಲು ಚಾಚಿಕೊಂಡು ಕುಳಿತವನು ಯಾರ ಮುಖವನ್ನೂ ನೋಡಲಿಲ್ಲ.

ಅತ್ತೆ ಕಲ್ಲಿನಿಂದ ಎದ್ದು ಬಂದಳು. ನಾನು ಇಟ್ಟುಹೋಗಿದ್ದ ಕೊಡ ಎತ್ತಿ ಅವನ ಕಾಲಿನ ಮೇಲೆ ತಣ್ಣೀರು ಸುರಿದಳು. ಕೆಸರು ಹರಿದುಹೋಗಿ ಬರೆ ಕಂಡವು, ಗುಳ್ಳೆ ಕಂಡವು. ಅವಳು ಅಲ್ಲೇ ಕುಳಿತು ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಬಹಳ ಹೊತ್ತು ಬೆರಳಿನಿಂದ ಸವರಿ ನೋಡಿದಳು. ಜನ ಹತ್ತಿರ ಸರಿದರು. ಮಲ್ಲಾಜಮ್ಮ ಕಾಲು ನೋಡಿ ಹೇಳಿದ ಮೇಲೆ ನಮ್ಮೂರಿನಲ್ಲಿ ಬೇರೆ ಮಾತಿರಲಿಲ್ಲ.

"ಇವನ ಮನಸ್ಸಿಗೆ ಏನೂ ಆಗಿಲ್ಲ," ಎಂದಳು. "ಕಟ್ಟು ಬಿಗಿಯಾಗೈತೆ."

ಹಗ್ಗದವರಿಗೆ ಅರ್ಥವಾಗಲಿಲ್ಲ. ಹಾಗಾದರೆ ಮುಳುಗಿದವರೆಲ್ಲ ಏನು ಎಂದು ಒಬ್ಬರು ಕೇಳಿದರು. ಅತ್ತೆ ಅವರ ಕಡೆ ತಿರುಗಲಿಲ್ಲ. ಪಾತಲಿಂಗನ ಕಾಲಿನ ಕಡೆ ನೋಡುತ್ತಲೇ, ಆದರೆ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಹೇಳಿದಳು.

"ನಾನೂ ಇದೇ ಹುದುಲಲ್ಲಿ ಮುಳುಗಿದ್ನಲ್ಲ, ಆವತ್ತು ನಂಗೂ ಮನಸ್ಸಿತ್ತು. ಮೀಸೆ ಕಂಡು ಬ್ಯಾಡ ಅನ್ನಿಸ್ತು ಅಂತ ಹೇಳ್ಕಂಡು ತಿರುಗಿದೆ. ಅಷ್ಟು ದೂರಕ್ಕೆ ಮೀಸೆ ಎಲ್ಲಿ ಕಾಣ್ತೈತೆ? ನಮ್ಮವ್ವ ಕಟ್ಟಿದ್ದ ಕಟ್ಟು ಬಿಗಿಯಾಗಿತ್ತು."

ನಾನು ಅವಳ ಪಕ್ಕದಲ್ಲಿ ಕೂರಲು ಹೋದೆ, ನೆಲ ಸಿಗಲಿಲ್ಲ. ಅವಳ ಹೆಗಲು ಹಿಡಿದುಕೊಂಡು ಗಾಳಿಯಲ್ಲೇ ಕುಕ್ಕರಿಸಿದೆ. ಆ ಮೀಸೆಯವನು ತೀರಿಕೊಂಡು ಬಹಳ ಕಾಲವಾಗಿತ್ತು. ಅತ್ತೆ ನನ್ನ ಕೈ ಮೇಲೆ ಕೈ ಇಟ್ಟಳು.

"ಅವನಿಗೆ ಗೊತ್ತಾಗಲಿಲ್ಲ, ಹೋಗ್ಲಿ," ಎಂದಳು ಮೆಲ್ಲಗೆ. "ನಂಗೂ ಗೊತ್ತಿರಲಿಲ್ವಲ್ಲೇ ಕೆಂಚಿ."

ನನಗೆ ಅಳು ಬಂತು. ಬಾಯಿಬಿಟ್ಟು ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನು. ಹಗ್ಗ ಹಿಡಿದವರ ಹಿಂದೆ ನಿಂತಿದ್ದ ಹೆಂಗಸರಲ್ಲಿ ಕೆಲವರು, ಮಕ್ಕಳು ಮೊಮ್ಮಕ್ಕಳು ಆದವರು, ಸೆರಗನ್ನು ಬಾಯಿಗೆ ಒತ್ತಿಕೊಂಡು ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ಅಳಲಿಲ್ಲ. ಮೂಗು ಒರೆಸಿಕೊಂಡು, ಬಿಸಿಲು ಏರುತ್ತಿದೆ, ಗಾಳಿ ಏಳುವುದರೊಳಗೆ ದಾಟು, ಕೇಳಬೇಕಾದವಳು ನೀನು ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದಿಗೇ ನಾನು ಹ‌ತ್ತು ಮಾರು ಮುಂದೆ ಹೋಗಿದ್ದೆ. ತಿರುಗಿ ನೋಡಿದರೆ ಪಾತಲಿಂಗನ ಎರಡು ಕಾಲಿಗೂ ಒದ್ದೆ ಬಟ್ಟೆ ಹರಡುತ್ತಿದ್ದಳು, ಹರಡಿದ್ದನ್ನು ಮತ್ತೆ ಎತ್ತಿ ಇನ್ನಷ್ಟು ಸಡಿಲ ಮಾಡುತ್ತಿದ್ದಳು.

ಆಚೆದಂಡೆ ಮುಟ್ಟಿದಾಗ ಪಾತಲಿಂಗನ ತಾಯಿ ತಂಬಿಗೆ ಹಿಡಿದು ನಿಂತಿದ್ದರು. ಅವರಿಗೆ ಕಣ್ಣು ಮಂಜು, ದೂರದ್ದೇನೂ ಕಂಡಿರಲಿಲ್ಲ. ನಾನು ಹೊಸಿಲು ತುಳಿಯದೆ ಒಳಗೆ ಹೋಗಿ, ನಿಮ್ಮ ಮಗನನ್ನು ನನಗೆ ಕೊಡಿ ಎಂದು ಕೇಳಿದೆ. ಅವರು ನನ್ನ ಕೈಗೆ ಬೆಲ್ಲ ಕೊಟ್ಟು, ಕೊಡುವುದಕ್ಕೆ ಅವನು ಬೆಳಗಿನಿಂದ ಮನೆಯಲ್ಲೇ ಇಲ್ಲವಲ್ಲ ತಾಯಿ, ಎಲ್ಲಿ ಹೋದನೋ ಎಂದರು.

"ಆಗ್ಲೇ ನಮ್ಮನೆ ಕಡೆ ಸೇರ್ಕಂಡವ್ನೆ," ಎಂದೆ.